ಹಿಮದ ತೂಕ, ಹುಲ್ಲಿನ ಬುಡ

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 130 ಸೆಂಟಿಮೀಟರ್ ಹಿಮ ಬೀಳುತ್ತದೆ. ಹಿಮ ನಿಂತ 24 ಗಂಟೆಯೊಳಗೆ ಮನೆಯೆದುರಿನ ಕಾಲುದಾರಿಯನ್ನು ಮನೆಯವರೇ ತೆರವು ಮಾಡಬೇಕೆಂಬುದು ಆ ನಗರದ ಕಾನೂನು. ಮೇ ತಿಂಗಳು ಬಂತೆಂದರೆ ಅದೇ ಅಂಗಳದ ಹುಲ್ಲು ವಾರಕ್ಕೊಮ್ಮೆ ಕತ್ತರಿಸು ಎನ್ನುತ್ತದೆ. ಸಾಲ ಮಾಡಿ ಅಲ್ಲಿ ಮೊದಲ ಮನೆ ಕೊಂಡವರಿಗೆ, ಅವರಲ್ಲಿ ಹಾಸನ, ಹುಬ್ಬಳ್ಳಿಗಳಿಂದ ಹೋದ ಕನ್ನಡಿಗರೂ ಇದ್ದಾರೆ, ಕೈಯಲ್ಲಿ ಕಾಸು ಕಡಿಮೆಯಿರುವ ಹೊತ್ತಿನಲ್ಲೇ ಎರಡು ಯಂತ್ರಗಳ ಖರ್ಚು ಎದುರಾಗುತ್ತದೆ. ಅಂಗಡಿಗೆ ಹೋದರೆ ಕೆಂಪು, ಕಿತ್ತಳೆ, ಹಸಿರು ಯಂತ್ರಗಳ ಸಾಲು. ಒಂದೊಂದರ ಮೇಲೂ ಸಿಸಿ ಎಷ್ಟು, ಟಾರ್ಕ್ ಎಷ್ಟು, ಅಗಲ ಎಷ್ಟು ಇಂಚು, ಬ್ಯಾಟರಿ ಎಷ್ಟು ವೋಲ್ಟ್ ಎಂಬ ಚೀಟಿ. ಅಷ್ಟೂ ಅಂಕಿಗಳು ಯಂತ್ರದವು. ನಿಮ್ಮ ಅಂಗಳದ ಕೆಲಸ ಎಷ್ಟು ದೊಡ್ಡದು ಎಂದು ಹೇಳುವ ಅಂಕಿ ಒಂದೂ ಇಲ್ಲ. ದುಡ್ಡು ಉಳಿಯುವುದು ಆ ಅಂಕಿ ಕೈಗೆ ಸಿಕ್ಕಾಗ. ಅದನ್ನು ಕಂಡುಹಿಡಿಯಲು ಒಂದು ಟೇಪು, ಒಂದು ಬಕೆಟ್ಟು, ಒಂದು ತಕ್ಕಡಿ ಸಾಕು.

ಮೊದಲು ಹಿಮ. ಆಗಷ್ಟೇ ಬಿದ್ದ ಹಗುರ ಹಿಮದಲ್ಲಿ ಬಹುಪಾಲು ಗಾಳಿಯೇ ಇರುತ್ತದೆ. ಹರಳಿನ ಕೊಂಬೆಗಳು ಒಂದಕ್ಕೊಂದು ತಾಗಿ ನಿಂತು, ನಡುವೆಲ್ಲ ಟೊಳ್ಳು. ಘನಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ಉಷ್ಣಾಂಶ ಸೊನ್ನೆ ಡಿಗ್ರಿಯ ಹತ್ತಿರ ಇರುವಾಗ ಬೀಳುವ ಒದ್ದೆ ಹಿಮ 200 ಕಿಲೋ ಮುಟ್ಟಬಹುದು. ರಸ್ತೆ ಗುಡಿಸುವ ದೊಡ್ಡ ಗಾಡಿ ತಳ್ಳಿ ಒತ್ತಿಟ್ಟುಹೋದ ಹಿಮವಾದರೆ 400, ಕೆಲವೊಮ್ಮೆ ಇನ್ನೂ ಹೆಚ್ಚು. ಗಟ್ಟಿ ಮಂಜುಗಡ್ಡೆಗೆ 917. ನೋಡಲು ಎಲ್ಲವೂ ಬೆಳ್ಳಗೆ. ತೂಕದಲ್ಲಿ ಹತ್ತು ಪಟ್ಟಿನ ಅಂತರ. ಆದ್ದರಿಂದ ಎಷ್ಟು ಸೆಂಟಿಮೀಟರ್ ಬಿತ್ತು ಎಂಬ ಹವಾಮಾನ ವರದಿ ಅರ್ಧ ಸುದ್ದಿಯನ್ನಷ್ಟೇ ಕೊಡುತ್ತದೆ. ಹತ್ತು ಲೀಟರಿನ ಬಕೆಟ್ಟಿನಲ್ಲಿ ಹಿಮವನ್ನು ಅದುಮದೆ ತುಂಬಿ ತೂಗಿದರೆ ಉಳಿದರ್ಧವೂ ತಿಳಿಯುತ್ತದೆ: ಒಂದು ಕಿಲೋ ತೂಗಿದರೆ ಘನಮೀಟರಿಗೆ 100, ಎರಡು ತೂಗಿದರೆ 200.

ಕಾರು ನಿಲ್ಲಿಸುವ ಡ್ರೈವ್‌ವೇ 6 ಮೀಟರ್ ಅಗಲ, 15 ಮೀಟರ್ ಉದ್ದ ಎನ್ನಿ. 90 ಚದರ ಮೀಟರ್. ಅದರ ಮೇಲೆ 20 ಸೆಂಟಿಮೀಟರ್ ಹಗುರ ಹಿಮ ಬಿದ್ದರೆ 18 ಘನಮೀಟರ್, ಸುಮಾರು 1,800 ಕಿಲೋ. ಒದ್ದೆ ಹಿಮವಾದರೆ 3,600. ಒಂದು ಸಲಿಕೆಗೆ ನಾಲ್ಕೂವರೆ ಕಿಲೋ ಎತ್ತಿದರೂ ಹಗುರ ಹಿಮಕ್ಕೇ ನಾನೂರು ಸಲ ಬಗ್ಗಿ ಎತ್ತಬೇಕು. ಚಳಿಗಾಲವಿಡೀ ಬೀಳುವ 130 ಸೆಂಟಿಮೀಟರನ್ನೂ ಇದೇ ರೀತಿ ಲೆಕ್ಕ ಹಾಕಿದರೆ ಹನ್ನೊಂದು, ಹನ್ನೆರಡು ಟನ್.

ಇದನ್ನು ಕೇಳಿದ ಕೂಡಲೇ ಭಾರೀ ಎಂಜಿನ್ ಬೇಕು ಅನಿಸುತ್ತದೆ. ಆದರೆ ಮುಂದಿನ ಲೆಕ್ಕ ಬೇರೆಯೇ ಹೇಳುತ್ತದೆ. ಹಿಮವನ್ನು ಹತ್ತು ಮೀಟರ್ ಆಚೆಗೆ ಬೀಳುವಂತೆ ಎಸೆಯಲು ಅದಕ್ಕೆ ಸೆಕೆಂಡಿಗೆ ಸುಮಾರು ಹತ್ತು ಮೀಟರ್ ವೇಗ ಕೊಡಬೇಕು. ಆ ವೇಗದಲ್ಲಿ ಒಂದೊಂದು ಕಿಲೋ ಹಿಮದ ಚಲನಶಕ್ತಿ 50 ಜೂಲ್. 1,800 ಕಿಲೋಗೆ 90,000 ಜೂಲ್. ಒಂದು ಟೀ ಚಮಚ ಸಕ್ಕರೆಯಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ! ಅರ್ಧ ಗಂಟೆಯಲ್ಲಿ ಮುಗಿಸುವುದಾದರೆ ಸರಾಸರಿ 50 ವಾಟ್ ಸಾಕು; ಮನೆಯ ಮಾಮೂಲಿ ಸೀಲಿಂಗ್ ಫ್ಯಾನಿಗೂ ಇಷ್ಟಾದರೂ ಬೇಕು. ಹಿಮವನ್ನು ಕೆತ್ತುವ, ತಿಕ್ಕಾಟದಲ್ಲಿ ಕಳೆಯುವ, ಚಕ್ರ ತಿರುಗಿಸುವ ಶಕ್ತಿಯನ್ನೆಲ್ಲ ಸೇರಿಸಿ ಕೆಲವು ಪಟ್ಟು ಹೆಚ್ಚಿಸಿಕೊಂಡರೂ, ಅಂಗಡಿಯಲ್ಲಿ ನಿಂತ ಯಂತ್ರಗಳ ಎರಡು, ಮೂರು, ನಾಲ್ಕು ಸಾವಿರ ವಾಟ್‌ಗಳಿಗೆ ಇದು ವಿವರಣೆಯಾಗುವುದಿಲ್ಲ.

ವಿವರಣೆ ಇರುವುದು ಡ್ರೈವ್‌ವೇಯ ಬಾಯಲ್ಲಿ. ಊರಿನ ಗಾಡಿ ರಸ್ತೆ ಗುಡಿಸುತ್ತ ಹೋದಾಗ ಮನೆಯ ಬಾಯಿಗೆ ಅಡ್ಡವಾಗಿ ಒಂದು ದಿಂಡು ಕಟ್ಟಿ ಹೋಗುತ್ತದೆ. ಉಪ್ಪು, ಕೆಸರು, ಒಡೆದ ಮಂಜುಗಡ್ಡೆ ಎಲ್ಲ ಬೆರೆತ ಹಿಮ ಅದು. ಮಿನೆಸೋಟದವರು, ಕೆನಡಾದವರು ನಿಜವಾಗಿ ಹೆದರುವುದು ಇದಕ್ಕೆ. 60 ಸೆಂಟಿಮೀಟರ್ ಅಗಲದ ಯಂತ್ರವೊಂದು 20 ಸೆಂಟಿಮೀಟರ್ ಹಗುರ ಹಿಮದಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ನಡೆದರೆ ಪ್ರತಿ ಸೆಕೆಂಡಿಗೂ 6 ಕಿಲೋ ಹಿಮ ಅದರ ಬಾಯಿಗೆ ಬರುತ್ತದೆ. ಎಸೆಯಲು 300 ವಾಟ್ ಬೇಕು. ಅದೇ ಯಂತ್ರ ಅರ್ಧ ಮೀಟರ್ ಎತ್ತರದ, ಘನಮೀಟರಿಗೆ 400 ಕಿಲೋ ತೂಗುವ ದಿಂಡಿಗೆ ನುಗ್ಗಿದರೆ ನಡಿಗೆಯನ್ನು ಅರ್ಧಕ್ಕೆ ಇಳಿಸಿದರೂ ಸೆಕೆಂಡಿಗೆ 30 ಕಿಲೋ. ಆಗ 1,500 ವಾಟ್ ಬರೀ ಎಸೆತಕ್ಕೇ ಹೋಗುತ್ತದೆ. ಗಟ್ಟಿ ಹಿಮವನ್ನು ಪುಡಿ ಮಾಡುವ ಶ್ರಮ ಬೇರೆ. ದೊಡ್ಡ ಎಂಜಿನ್ನಿಗೆ ಕೊಡುವ ಹಣವೆಲ್ಲ ಈ ಆರು ಮೀಟರ್ ಉದ್ದದ ದಿಂಡಿಗಾಗಿ ಕೊಡುವ ಹಣ.

ಇಲ್ಲೇ ಉಳಿತಾಯದ ದಾರಿಯೂ ಇದೆ. ಬೇಕಾದ ಪವರ್ ನಡಿಗೆಯ ವೇಗದ ಜತೆಗೇ ಏರಿಳಿಯುತ್ತದೆ. ನಡಿಗೆ ಅರ್ಧವಾದರೆ ಪವರ್ ಅರ್ಧ ಸಾಕು. ಬಾಯಿಯ ಅರ್ಧ ಅಗಲವನ್ನಷ್ಟೇ ದಿಂಡಿಗೆ ಕೊಟ್ಟರೆ ಇನ್ನೂ ಅರ್ಧ. ಸಣ್ಣ ಯಂತ್ರಕ್ಕೆ ತಾಳ್ಮೆ ಸೇರಿದರೆ ದೊಡ್ಡ ಯಂತ್ರದ ಕೆಲಸ ಆಗುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಬೆಳಗಿನ ಆರಕ್ಕೆ ಆಸ್ಪತ್ರೆಯ ಪಾಳಿಗೆ ಓಡಬೇಕಾದ ದಾದಿಯೊಬ್ಬರಿಗೆ ಆ ಸಮಯ ಇರುವುದಿಲ್ಲ. ಅವರಿಗೆ ದೊಡ್ಡ ಯಂತ್ರ ದುಂದಲ್ಲ. ಮನೆಯಿಂದಲೇ ಕೆಲಸ ಮಾಡುವವರಿಗೆ ಖಂಡಿತ ದುಂದು.

ಹಿಮವನ್ನು ಯಂತ್ರದಿಂದ ತೂರುವ ಯೋಚನೆ ರೈಲಿನಲ್ಲಿ ಶುರುವಾಯಿತು. ಟೊರಾಂಟೊದ ದಂತವೈದ್ಯ ಜೆ. ಡಬ್ಲ್ಯು. ಎಲಿಯಟ್ 1869ರಲ್ಲಿ ಹಳಿಗಳ ಹಿಮ ತೆಗೆಯುವ ತಿರುಗುಚಕ್ರದ ವಿನ್ಯಾಸ ಮಾಡಿದ. ರಸ್ತೆಗೆ ಇಳಿಸಿದವನು ಕ್ವಿಬೆಕ್‌ನ ಆರ್ಥರ್ ಸಿಕಾರ್. ಹೊಲದಲ್ಲಿ ಕಂಡ ಒಕ್ಕಣೆ ಯಂತ್ರದಿಂದ ಅವನಿಗೆ ಈ ಹೊಳಹು ಸಿಕ್ಕಿತಂತೆ. 1925ರಲ್ಲಿ ಯಂತ್ರ ತಯಾರಾಯಿತು, 1927ರಲ್ಲಿ ಮಾಂಟ್ರಿಯಲ್ ಪಕ್ಕದ ಊಟ್ರಮಾಂಟ್ ಪಟ್ಟಣ ಅದನ್ನು ಕೊಂಡಿತು. ತೆನೆಯನ್ನು ಸುರುಳಿಯಿಂದ ಒಳಗೆಳೆದು ಹೊಟ್ಟನ್ನು ಆಚೆ ತೂರುವ ಆ ಉಪಾಯವೇ ಇಂದಿಗೂ ಮನೆಬಳಕೆಯ ಹಿಮ ತೂರುವ ಯಂತ್ರದ, ಅಂದರೆ ಸ್ನೋಬ್ಲೋವರಿನ, ಹೊಟ್ಟೆಯಲ್ಲಿದೆ.

ಈಗಿನ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಿಂಗಲ್ ಸ್ಟೇಜ್ ಎಂಬುದರಲ್ಲಿ ರಬ್ಬರ್ ಅಂಚಿನ ಒಂದೇ ಸುರುಳಿ ವೇಗವಾಗಿ ತಿರುಗಿ ಹಿಮವನ್ನು ಎತ್ತುವುದನ್ನೂ ಎಸೆಯುವುದನ್ನೂ ತಾನೇ ಮಾಡುತ್ತದೆ. ರಬ್ಬರು ನೆಲ ಮುಟ್ಟಿ ಗುಡಿಸುವುದರಿಂದ ಡಾಂಬರು, ಕಾಂಕ್ರೀಟು ಸ್ವಚ್ಛವಾಗುತ್ತದೆ. ಆದರೆ ಜಲ್ಲಿ ಹಾಸಿದ ದಾರಿಯಲ್ಲಿ ಅದೇ ಗುಣ ಅಪಾಯ, ಕಲ್ಲು ಹಾರುತ್ತದೆ. ಟೂ ಸ್ಟೇಜ್‌ನಲ್ಲಿ ಆಗರ್ ಎಂಬ ಉಕ್ಕಿನ ಸುರುಳಿ ನಿಧಾನ ತಿರುಗಿ ಹಿಮವನ್ನು ಪುಡಿ ಮಾಡಿ ನಡುವಿಗೆ ತರುತ್ತದೆ. ಹಿಂದಿರುವ ಇಂಪೆಲ್ಲರ್ ಎಂಬ ಬೀಸುಚಕ್ರ ಅದನ್ನು ಕೊಳವೆಯಿಂದ ದೂರ ಎಸೆಯುತ್ತದೆ. ಆಗರ್ ನೆಲದಿಂದ ತುಸು ಮೇಲಿರುವುದರಿಂದ ಜಲ್ಲಿಯ ಮೇಲೂ ನಡೆಯುತ್ತದೆ, ಚಕ್ರಕ್ಕೂ ಎಂಜಿನ್ನಿನ ಬಲ ಸಿಗುತ್ತದೆ. ತೂಕ, ಬೆಲೆ ಎರಡೂ ಹೆಚ್ಚು. ಇಡಲು ಜಾಗವೂ ಬೇಕು. ಇಪ್ಪತ್ತು ಸೆಂಟಿಮೀಟರ್‌ಗಿಂತ ದೊಡ್ಡ ಹಿಮಪಾತ ಅಪರೂಪವಾದ ಊರಿನಲ್ಲಿ, ಎರಡು ಕಾರಿನ ಸಮತಟ್ಟು ಡಾಂಬರು ಡ್ರೈವ್‌ವೇಗೆ ನಾನು ಸಿಂಗಲ್ ಸ್ಟೇಜನ್ನೇ ಆರಿಸುತ್ತೇನೆ. 1991ರ ಹ್ಯಾಲೋವೀನ್ ಹಬ್ಬದಂದು ಶುರುವಾಗಿ ಮಿನಿಯಾಪೊಲಿಸ್ ಮೇಲೆ 72 ಸೆಂಟಿಮೀಟರ್ ಸುರಿಸಿದಂಥ ಬಿರುಗಾಳಿ ಒಂದು ತಲೆಮಾರಿಗೆ ನೆನಪಾಗಿ ಉಳಿಯುವಷ್ಟು ಅಪರೂಪ. ಅಂಥ ದಿನಕ್ಕೆ ಕೂಲಿಗೆ ಹಿಮ ತೆಗೆಯುವವರನ್ನು ಕರೆಸಿದರಾಯಿತು. ಈರೀ ಸರೋವರದಿಂದ ಹಿಮ ಎರಗುವ ಬಫಲೊ ನಗರದಲ್ಲಿ ಈ ಮಾತು ನಡೆಯುವುದಿಲ್ಲ. ಅಲ್ಲಿ ಟೂ ಸ್ಟೇಜ್ ಬೇಕು.

ಟೂ ಸ್ಟೇಜ್ ಯಂತ್ರದ ಆಗರನ್ನು ಅದರ ದಂಡಕ್ಕೆ ಹಿಡಿದಿಟ್ಟಿರುವುದು ಶಿಯರ್ ಪಿನ್ ಎಂಬ ಮೆದು ಲೋಹದ ಬೋಲ್ಟು. ಹಿಮದಡಿ ಹುದುಗಿದ ದಿನಪತ್ರಿಕೆಯ ಕಟ್ಟೋ ಮಂಜುಗಡ್ಡೆಯೋ ಸಿಕ್ಕಿಕೊಂಡರೆ ಇದು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತದೆ. ಮುರಿಯುವುದೇ ಅದರ ಕೆಲಸ. ಪದೇ ಪದೇ ಮುರಿಯುತ್ತದೆಂದು ಬೇಸತ್ತು ಮಾಮೂಲಿ ಗಟ್ಟಿ ಬೋಲ್ಟು ಹಾಕುವವರಿದ್ದಾರೆ. ಕೆಲವು ಡಾಲರಿನ ಪಿನ್ನು ಉಳಿಸಲು ಹೋಗಿ ನೂರಾರು ಡಾಲರಿನ ಗೇರ್‌ಬಾಕ್ಸ್ ಕಳೆದುಕೊಳ್ಳುವ ದಾರಿ ಅದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಒದ್ದೆ ಹಿಮ ಕೊಳವೆಯಲ್ಲಿ ಕಚ್ಚಿಕೊಂಡಾಗ ಕೈ ಹಾಕಿ ತೆಗೆಯಬೇಡಿ. ಎಂಜಿನ್ ನಿಂತಿದ್ದರೂ ಬೆಲ್ಟಿನಲ್ಲಿ, ಚಕ್ರದಲ್ಲಿ ಬಿಗಿತ ಅಡಗಿರುತ್ತದೆ. ಕಚ್ಚಿದ್ದು ಬಿಟ್ಟ ಕ್ಷಣ ಇಂಪೆಲ್ಲರ್ ಅರ್ಧ ಸುತ್ತು ತಿರುಗಿದರೂ ಬೆರಳು ಹೋಗುತ್ತದೆ. ಪ್ರತಿ ಚಳಿಗಾಲವೂ ಅಮೆರಿಕದ ಕೈ ಶಸ್ತ್ರವೈದ್ಯರು ಇಂಥ ಗಾಯಗಳನ್ನು ನೋಡುತ್ತಾರೆ. ಯಂತ್ರದ ಜತೆ ಬರುವ ಪ್ಲಾಸ್ಟಿಕ್ ಕೋಲು ಇರುವುದು ಇದಕ್ಕೇ. ಹಳೇ ಯಂತ್ರ ಕೊಳ್ಳುವಾಗ ಆ ಕೋಲು ಇಲ್ಲದಿದ್ದರೆ ಮರದ್ದೊಂದು ಮಾಡಿ ಹಿಡಿಕೆಗೆ ಕಟ್ಟಿಡಿ.

ಹಾಗಾದರೆ ಸಲಿಕೆಯೇ ಸಾಕಲ್ಲವೇ, ಮೂವತ್ತು ಡಾಲರಿಗೆ ಬರುತ್ತದೆ ಎನ್ನುವವರಿಗೆ ಒಂದು ಎಚ್ಚರ. 1990ರಿಂದ 2006ರವರೆಗಿನ ದಾಖಲೆಗಳ ಪ್ರಕಾರ ಅಮೆರಿಕದಲ್ಲಿ ಹಿಮ ಎತ್ತುವಾಗ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದವರು ವರ್ಷಕ್ಕೆ ಸರಾಸರಿ 11,500. ಸತ್ತವರೆಲ್ಲರದೂ ಹೃದಯದ ತೊಂದರೆ. ಚಳಿಗೆ ರಕ್ತನಾಳಗಳು ಕುಗ್ಗಿರುತ್ತವೆ. ತೋಳಿನ ಶ್ರಮ ಕಾಲಿನ ಶ್ರಮಕ್ಕಿಂತ ಬೇಗ ರಕ್ತದೊತ್ತಡ ಏರಿಸುತ್ತದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವ ರೂಢಿ ಅದನ್ನು ಇನ್ನಷ್ಟು ಏರಿಸುತ್ತದೆ. ಭಾರತೀಯ ಮೂಲದವರಲ್ಲಿ ಹೃದ್ರೋಗ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವುದು ಹೆಚ್ಚು. ನಲವತ್ತೈದು ದಾಟಿ, ದಿನವಿಡೀ ಕುರ್ಚಿಯಲ್ಲಿ ಕೂರುವವರ ಬಜೆಟ್ಟಿನಲ್ಲಿ ಸಣ್ಣ ಸ್ನೋಬ್ಲೋವರ್‌ಗೆ ಜಾಗ ಇರಲೇಬೇಕು ಎಂದು ನಾನು ವಾದಿಸುತ್ತೇನೆ.

ಇನ್ನು ಹುಲ್ಲು. ಹಿಮ ಸತ್ತ ವಸ್ತು, ಹುಲ್ಲು ಜೀವಂತ. ಇಲ್ಲಿ ಯಂತ್ರದ ಆಯ್ಕೆ ಸಸ್ಯದ ರಚನೆಯಿಂದ ಶುರುವಾಗಬೇಕು. ದಾಸವಾಳದ ಕುಡಿ ಚಿವುಟಿದರೆ ಆ ಕೊಂಬೆಯ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಅದು ಬೆಳೆಯುವುದು ತುದಿಯಲ್ಲಿ. ಹುಲ್ಲಿನ ಎಲೆ ಬೆಳೆಯುವುದು ಬುಡದಲ್ಲಿ. ಹೊಸ ಕೋಶಗಳು ಕೆಳಗೆ ಹುಟ್ಟಿ ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಎಲೆಯ ತುದಿಯೇ ಅದರ ಅತ್ಯಂತ ಮುದಿ ಭಾಗ. ಮೇಯುವ ಪ್ರಾಣಿಗಳ ಹಲ್ಲಿನಡಿ ಕೋಟ್ಯಂತರ ವರ್ಷ ಬಾಳಿದ ಕುಲ ಇದು. ಮೇಲಿನಿಂದ ಕತ್ತರಿಸಿದರೆ ಅದಕ್ಕೆ ಆಗುವ ನಷ್ಟ ಸ್ವಲ್ಪ. ಆದರೆ ಎಲೆಯೇ ಅದರ ಅಡುಗೆಮನೆ. ಒಂದೇ ಸಲಕ್ಕೆ ಹೆಚ್ಚು ಕತ್ತರಿಸಿದರೆ ಬೇರು ಸೊರಗುತ್ತದೆ. ಎತ್ತರದ ಮೂರನೇ ಒಂದಕ್ಕಿಂತ ಹೆಚ್ಚು ಒಮ್ಮೆಗೆ ತೆಗೆಯಬಾರದು ಎಂಬ ನಿಯಮ ಬಂದದ್ದು ಇದರಿಂದ. ಮಿನೆಸೋಟದ ಕೆಂಟಕಿ ಬ್ಲೂಗ್ರಾಸನ್ನು 7.5 ಸೆಂಟಿಮೀಟರಿನಲ್ಲಿ ಇಡಬೇಕಾದರೆ 11 ಆಗುವಷ್ಟರಲ್ಲಿ ಕತ್ತರಿಸಬೇಕು.

1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ ಮೊದಲ ಲಾನ್ ಮೋವರ್‌ಗೆ ಪೇಟೆಂಟ್ ಪಡೆದ. ಅದು ಉಣ್ಣೆ ಗಿರಣಿಗಳ ಸೀಮೆ. ಬಟ್ಟೆಯ ಮೇಲೆದ್ದ ನವಿರು ಎಳೆಗಳನ್ನು ಸವರುವ ಸುರುಳಿ ಅಲಗಿನ ಯಂತ್ರವನ್ನು ಅವನು ಹುಲ್ಲಿಗೆ ತಂದ. ರೀಲ್ ಮೋವರ್ ಇಂದಿಗೂ ಅದೇ: ಸುತ್ತುವ ಅಲಗು ಒಂದು, ಕೆಳಗೆ ಕದಲದ ಅಲಗು ಒಂದು, ನಡುವೆ ಸಿಕ್ಕ ಎಲೆ ಕತ್ತರಿಗೆ ಸಿಕ್ಕಂತೆ ತುಂಡು. ಹುಲ್ಲು ಕತ್ತರಿಸಲು ಬೇಕಾದ ಶಕ್ತಿ ಎಷ್ಟು ಕಡಿಮೆಯೆಂದರೆ, ಕೈಯಲ್ಲಿ ತಳ್ಳಿಕೊಂಡು ಹೋದರೆ ಸಾಕು. ಎಂಜಿನ್ ಬೇಡ, ಪೆಟ್ರೋಲ್ ಬೇಡ, ಸದ್ದಿಲ್ಲ.

ಅಂಗಡಿಯಲ್ಲಿ ಹೆಚ್ಚು ಕಾಣುವ ರೋಟರಿ ಮೋವರಿನಲ್ಲಿ ಎರಡನೇ ಅಲಗು ಇಲ್ಲ. ಎಲೆ ಬಾಗಿ ತಪ್ಪಿಸಿಕೊಳ್ಳುವ ಮೊದಲೇ ಹೊಡೆದುಹಾಕುವ ವೇಗವೇ ಅದರ ಆಧಾರ. 21 ಇಂಚಿನ ಅಲಗು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ 300 ಕಿಲೋಮೀಟರ್. ಅಷ್ಟು ವೇಗದಲ್ಲಿ ಅಲಗು ಫ್ಯಾನಿನಂತೆ ಗಾಳಿಯನ್ನೂ ಎಳೆಯುತ್ತದೆ, ಮಲಗಿದ ಹುಲ್ಲನ್ನು ಎಬ್ಬಿಸಿ ನಿಲ್ಲಿಸುತ್ತದೆ. ಎಂಜಿನ್ನಿನ ಪವರಿನಲ್ಲಿ ದೊಡ್ಡ ಪಾಲು ಗಾಳಿ ಬೀಸುವುದಕ್ಕೇ ಹೋಗುತ್ತದೆ. ಹೀಗಿದ್ದೂ ಅದಕ್ಕೊಂದು ದೊಡ್ಡ ಗುಣವಿದೆ: ಹುಲ್ಲು ಎಷ್ಟೇ ಎತ್ತರ ಬೆಳೆದಿದ್ದರೂ ಕತ್ತರಿಸುತ್ತದೆ. ರೀಲ್ ಮೋವರ್ ಮೊಣಕಾಲೆತ್ತರದ ಹುಲ್ಲನ್ನು ಮಲಗಿಸಿ ಮುಂದೆ ಹೋಗಿಬಿಡುತ್ತದೆ. ಹಾಗಾಗಿ ಇಲ್ಲಿ ಅಳೆಯಬೇಕಾದದ್ದು ಅಂಗಳವನ್ನಷ್ಟೇ ಅಲ್ಲ, ನಿಮ್ಮ ವಾರವನ್ನೂ. ತಿಂಗಳಿಗೆ ಎರಡು ವಾರ ಊರು ಸುತ್ತುವ ಕೆಲಸದವರಿಗೆ, ಮೇ ತಿಂಗಳ ಮಳೆಯ ನಂತರ ಎರಡು ಶನಿವಾರ ತಪ್ಪಿಸಿಕೊಂಡವರಿಗೆ ರೀಲ್ ಮೋವರ್ ಸೋಲುತ್ತದೆ. ತಪ್ಪದೆ ವಾರಕ್ಕೊಮ್ಮೆ ಅರ್ಧ ಗಂಟೆ ಕೊಡುವವರಿಗೆ ಅದಕ್ಕಿಂತ ಅಗ್ಗದ, ಬಾಳಿಕೆಯ ಯಂತ್ರ ಇಲ್ಲ.

ಅಂಗಳದ ಲೆಕ್ಕವೂ ಸುಲಭ. 500 ಚದರ ಮೀಟರ್ ಹುಲ್ಲುಹಾಸು ಎಂದರೆ ನಮ್ಮ ಐದು ಗುಂಟೆ. 21 ಇಂಚಿನ ಯಂತ್ರ ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ತುಸು ಹಾಯುವಂತೆ ನಡೆದರೆ 45 ಸೆಂಟಿಮೀಟರ್ ಪಟ್ಟಿ ಸಿಗುತ್ತದೆ. ಒಟ್ಟು ನಡಿಗೆ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ತಿರುವುಗಳೂ ಸೇರಿ ಅರ್ಧ ಗಂಟೆ. ಇಷ್ಟಕ್ಕೆ, ಅದೂ ಸಮತಟ್ಟು ನೆಲಕ್ಕೆ, ತಾನೇ ಮುಂದೆ ಚಲಿಸುವ ಸೆಲ್ಫ್ ಪ್ರೊಪೆಲ್ಡ್ ಮಾದರಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಇಳಿಜಾರಾದರೆ ಕೊಡಿ. ಹುಲ್ಲು ತುಂಬಿಕೊಳ್ಳುವ ಚೀಲಕ್ಕೂ ಕೊಡಬೇಡಿ. ಕತ್ತರಿಸಿದ ಚೂರುಗಳಲ್ಲಿ ಬಹುಪಾಲು ನೀರು, ಉಳಿದುದರಲ್ಲಿ ಒಳ್ಳೆಯ ಸಾರಜನಕ. ಅಲ್ಲೇ ಬಿಟ್ಟರೆ ಹುಲ್ಲಿಗೆ ಬೇಕಾದ ಗೊಬ್ಬರದಲ್ಲಿ ಕಾಲು ಪಾಲಿನವರೆಗೂ ಅದೇ ಒದಗಿಸುತ್ತದೆ. ಆ ದುಡ್ಡಲ್ಲಿ ಅಲಗು ಸಾಣೆ ಹಿಡಿಸಿ. ಮೊಂಡು ಅಲಗು ಎಲೆಯನ್ನು ಹರಿಯುತ್ತದೆ, ಹರಿದ ತುದಿ ನೀರು ಕಳೆದುಕೊಂಡು ಒಣಗುತ್ತದೆ, ಎರಡು ದಿನದಲ್ಲಿ ಇಡೀ ಅಂಗಳ ಕಂದಾಗುತ್ತದೆ.

ಟೆಕ್ಸಾಸ್, ಜಾರ್ಜಿಯಾಗಳಲ್ಲಿರುವವರ ಹುಲ್ಲು ಬೇರೆ. ಅಲ್ಲಿ ಬರ್ಮುಡಾ ಗ್ರಾಸ್ ಎಂದು ಬೆಳೆಸುವುದು ನಾವು ಗಣಪತಿಗೆ ಏರಿಸುವ ಗರಿಕೆಯನ್ನೇ, ಸೈನೊಡಾನ್ ಡ್ಯಾಕ್ಟಿಲಾನ್. ಬಿಸಿಲಿನ ಹುಲ್ಲು, ನೆಲಕ್ಕೆ ಅಂಟಿ ಹಬ್ಬುತ್ತದೆ, ಎರಡು ಮೂರು ಸೆಂಟಿಮೀಟರಿಗೆ ಕತ್ತರಿಸಿದರೂ ತಡೆದುಕೊಳ್ಳುತ್ತದೆ. ಅಷ್ಟು ತಗ್ಗಿನಲ್ಲಿ ಚೊಕ್ಕವಾಗಿ ಕತ್ತರಿಸುವುದು ರೀಲ್ ಮೋವರ್.

ನಮ್ಮ ಮಲೆನಾಡಿನ ಅಡಿಕೆ ತೋಟಕ್ಕೆ ರೀಲ್, ರೋಟರಿ ಎರಡೂ ಬೇಡ. ಕಾಲುವೆ, ದಿಬ್ಬ, ಮರದ ಬುಡಗಳ ನಡುವೆ ಚಕ್ರ ಉರುಳುವುದಿಲ್ಲ. ಹೆಗಲಿಗೆ ನೇತುಹಾಕುವ ವೀಡ್ ಕಟರ್ ಅಲ್ಲಿನ ಯಂತ್ರ. ಹೊತ್ತು ನಡೆಯಬೇಕಾದ್ದರಿಂದ ಒಂದೊಂದು ಕಿಲೋ ತೂಕವೂ ಲೆಕ್ಕಕ್ಕೆ ಬರುತ್ತದೆ. ಹೊಗೆ ಹೆಚ್ಚಾದರೂ ಅಲ್ಲಿ ಹಗುರವಾದ ಟೂ ಸ್ಟ್ರೋಕ್ ಎಂಜಿನ್ ಉಳಿದುಬಂದದ್ದಕ್ಕೆ ಇದೂ ಕಾರಣ.

ಈಗ ಚೀಟಿಯ ಅಂಕಿಗಳಿಗೆ ಬರೋಣ. ಒಂದು ಕಾಲಕ್ಕೆ ಅಮೆರಿಕದ ಮೋವರುಗಳ ಮೇಲೆ ಅಶ್ವಶಕ್ತಿ ದಪ್ಪಕ್ಷರದಲ್ಲಿ ಇರುತ್ತಿತ್ತು. ಆ ಸಂಖ್ಯೆಯನ್ನು ಉಬ್ಬಿಸಲಾಗಿದೆ ಎಂದು ಗ್ರಾಹಕರು ಹೂಡಿದ ದಾವೆ 2010ರಲ್ಲಿ ರಾಜಿಯಲ್ಲಿ ಮುಗಿಯಿತು. ಅದರ ಆಸುಪಾಸಿನಲ್ಲಿ ಕಂಪನಿಗಳು ಸಿಸಿ, ಟಾರ್ಕ್‌ಗಳಿಗೆ ಹೊರಳಿಕೊಂಡವು. ಸಿಸಿ ಎಂದರೆ ಸಿಲಿಂಡರಿನ ಗಾತ್ರ, ಟಾರ್ಕ್ ಎಂದರೆ ತಿರುಚುವ ಬಲ. ಬಲವನ್ನು ವೇಗದಿಂದ ಗುಣಿಸಿದರೆ ಪವರ್. ಒಂದೇ ಅಗಲದ ಎರಡು ಯಂತ್ರಗಳನ್ನು ಹೋಲಿಸಲು ಇವು ಸಹಾಯಕ್ಕೆ ಬರುತ್ತವೆ, ಅಷ್ಟೇ. ಅಗಲ ಹೆಚ್ಚಾಗಿ ಎಂಜಿನ್ ಹಾಗೇ ಉಳಿದರೆ ಅದು ಲಾಭವಲ್ಲ. ಬಾಯಿ ದೊಡ್ಡದು, ಜೀರ್ಣಶಕ್ತಿ ಅಷ್ಟೇ.

ಬ್ಯಾಟರಿಯ ಚೀಟಿ ಓದಲು ವೋಲ್ಟನ್ನು ಆಂಪ್-ಅವರ್‌ನಿಂದ ಗುಣಿಸಿ. 56 ವೋಲ್ಟ್, 5 ಆಂಪ್-ಅವರ್ ಎಂದರೆ 280 ವಾಟ್-ಅವರ್, ಅಂದರೆ ಸುಮಾರು ಒಂದು ದಶಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಮೂವತ್ತಕ್ಕಿಂತ ಹೆಚ್ಚು ದಶಲಕ್ಷ ಜೂಲ್ ಇದೆ. ಸಣ್ಣ ಎಂಜಿನ್ ಅದರಲ್ಲಿ ಐದನೇ ಒಂದು ಪಾಲನ್ನು ಕೆಲಸಕ್ಕೆ ತಂದರೂ ಆರು ಬ್ಯಾಟರಿಗೆ ಸಮ. ಐದು ಗುಂಟೆ ಹುಲ್ಲಿಗೆ ಅಷ್ಟು ಬೇಡ, ಒಂದು ಬ್ಯಾಟರಿ ಸಾಕಾಗುತ್ತದೆ. ಎಣ್ಣೆ ಬದಲಿಸುವ, ಕಾರ್ಬ್ಯುರೇಟರ್ ತೊಳೆಯುವ ಕೆಲಸವೂ ಇಲ್ಲ. ಸಣ್ಣ ಅಂಗಳಕ್ಕೆ ಪವರ್ ಇರುವ ಮೋವರೇ ಬೇಕೆಂದರೆ ಬ್ಯಾಟರಿಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಹಿಮದಲ್ಲಿ ಅದು ಕಷ್ಟ. ಚಳಿಯಲ್ಲಿ ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗಿ ಬ್ಯಾಟರಿ ಬೇಗ ಸೋಲುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅಯಾನುಗಳು ಗ್ರಾಫೈಟಿನ ಒಳಗೆ ಇಳಿಯದೆ ಮೇಲೆಯೇ ಲೋಹವಾಗಿ ಕೂರುತ್ತವೆ. ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಬ್ಯಾಟರಿಯನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಯೊಳಗೆ ಇಟ್ಟು, ಅಲ್ಲೇ ಚಾರ್ಜ್ ಮಾಡಬೇಕು.

ಕಡಿಮೆ ದುಡ್ಡಿಗೆ ಒಳ್ಳೆಯ ಯಂತ್ರ ಸಿಗುವುದು ಹಳೆಯದರಲ್ಲಿ. ಸ್ನೋಬ್ಲೋವರನ್ನು ಏಪ್ರಿಲ್, ಮೇ ತಿಂಗಳಲ್ಲಿ ಕೇಳಿ; ಗ್ಯಾರೇಜು ಖಾಲಿ ಮಾಡುವವರು ಬೆಲೆ ಇಳಿಸುತ್ತಾರೆ. ಮೋವರನ್ನು ಅಕ್ಟೋಬರಿನಲ್ಲಿ. ನೋಡಲು ಹೋಗುವ ಮುನ್ನವೇ ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ತಣ್ಣಗಿರುವಾಗ ಹೇಗೆ ಎದ್ದೇಳುತ್ತದೆ ಎಂಬುದೇ ಪರೀಕ್ಷೆ. ಹಗ್ಗ ನಿಧಾನ ಎಳೆದಾಗ ಒಂದು ಹಂತದಲ್ಲಿ ಗಟ್ಟಿಯಾಗಿ ತಡೆದರೆ ಕಂಪ್ರೆಷನ್ ಇದೆ. ಎಣ್ಣೆಯಲ್ಲಿ ಲೋಹದ ಮಿನುಗು ಕಂಡರೆ ಬಿಟ್ಟುಬನ್ನಿ. ಆಗರಿನ ಎರಡೂ ಕಡೆ ಶಿಯರ್ ಪಿನ್ ಇವೆಯೋ, ಯಾರಾದರೂ ಗಟ್ಟಿ ಬೋಲ್ಟು ತುರುಕಿದ್ದಾರೋ ನೋಡಿ. ಮೋವರಿನ ಹಿಡಿಕೆಯ ಸನ್ನೆ ಬಿಟ್ಟರೆ ಅಲಗು ಮೂರು ಸೆಕೆಂಡಿನಲ್ಲಿ ನಿಲ್ಲಬೇಕೆಂಬುದು 1982ರಿಂದ ಅಮೆರಿಕದ ಕಾನೂನು. ಸನ್ನೆಯನ್ನು ತಂತಿಯಿಂದ ಕಟ್ಟಿದ ಗುರುತಿದ್ದರೆ ಅಂಥ ಯಂತ್ರ ಪುಕ್ಕಟೆ ಕೊಟ್ಟರೂ ಬೇಡ.

ಸ್ಟಾರ್ಟ್ ಆಗದೆ ಮೂಲೆಗೆ ಬಿದ್ದ ಯಂತ್ರಗಳಲ್ಲಿ ಬಹಳಷ್ಟರ ರೋಗ ಒಂದೇ, ಹಳಸಿದ ಪೆಟ್ರೋಲ್. ಹಗುರ ಭಾಗ ಆವಿಯಾಗಿ, ಉಳಿದದ್ದು ಗಾಳಿಯ ಆಮ್ಲಜನಕದ ಜತೆ ಸೇರಿ ಅಂಟಾಗುತ್ತದೆ. ಕಾರ್ಬ್ಯುರೇಟರಿನ ಮಿಲಿಮೀಟರಿಗಿಂತ ಕಿರಿದಾದ ರಂಧ್ರ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಪೆಟ್ರೋಲಿನಲ್ಲಿ ಶೇ 10ರಷ್ಟು ಎಥನಾಲ್ ಸಾಮಾನ್ಯ, ಭಾರತದಲ್ಲಿ 2025ರ ಹೊತ್ತಿಗೆ ಶೇ 20. ಎಥನಾಲ್ ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದಾಗ ಅದರೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ, ಎಂಜಿನ್ ಮೊದಲು ಎಳೆದುಕೊಳ್ಳುವುದು ಆ ತಳದ್ದನ್ನೇ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಲು ಬರುವವರಿಗೆ ಇಂಥ ಯಂತ್ರ ಒಳ್ಳೆಯ ಸಂಪಾದನೆ. ಕೊಂಡ ಮೇಲೆ ಅದೇ ರೋಗ ಮರುಕಳಿಸದಂತೆ, ಋತುವಿನ ಕೊನೆಯ ದಿನ ಟ್ಯಾಂಕ್ ಬರಿದು ಮಾಡಿ, ಪೆಟ್ರೋಲಿನ ವಾಲ್ವ್ ಮುಚ್ಚಿ, ಎಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಿಸಿ. ಮಿನೆಸೋಟದಲ್ಲಿ ಸ್ನೋಬ್ಲೋವರಿಗೆ ಆ ದಿನ ಏಪ್ರಿಲಿನಲ್ಲಿ ಬರುತ್ತದೆ, ಸಿದ್ದಾಪುರದ ತೋಟದ ವೀಡ್ ಕಟರಿಗೆ ಮಳೆಗಾಲ ಕಳೆದು ಕೊನೆಯ ಸವರು ಮುಗಿದ ಮೇಲೆ.